ಸುಟ್ಟ ಮೋಟರ್, ಆರು ಪುಟದ ಪೇಪರ್: ನನ್ನ ಅನುಭವ

ನಾನು ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ನನ್ನ ಮೊದಲ ಕಾನ್ಫರೆನ್ಸ್ ಪೇಪರ್ ಒಂದು ಕಡೆ ರಿಜೆಕ್ಟ್ ಆಯಿತು. ಏಳು ತಿಂಗಳ ಮೇಲೆ ಇನ್ನೊಂದು ಕಡೆ ಒಪ್ಪಿಗೆಯಾಯಿತು. ಎರಡೂ ಸಲ ಕಳಿಸಿದ್ದು ಒಂದೇ ಕೆಲಸ, ಒಂದೇ ಡೇಟಾ. ಬರೆದ ರೀತಿ ಮಾತ್ರ ಬೇರೆ. ಮೊದಲ ಪೇಪರ್ ಬರೆಯೋಕೆ ಕೂತ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಶುರುವಾದದ್ದು ತಿಪಟೂರಿನ ಹತ್ತಿರ, ಚಿಕ್ಕಪ್ಪನ ತೆಂಗಿನ ತೋಟದಲ್ಲಿ. ಒಂದೇ ಬೇಸಿಗೆಯಲ್ಲಿ ಅವರ ಬೋರಿನ ಮೋಟರ್ ಎರಡು ಸಲ ಸುಟ್ಟಿತ್ತು. ಸಬ್‌ಮರ್ಸಿಬಲ್ ಮೋಟರ್ ಸುಟ್ಟರೆ ಏನು ಪಾಡು ಅಂತ ತೋಟ ಇರುವವರಿಗೆ ಗೊತ್ತು. ಅಷ್ಟೂ ಪೈಪ್ ಮೇಲೆತ್ತಿಸಬೇಕು, ಮೋಟರ್ ರಿವೈಂಡಿಂಗಿಗೆ ಒಯ್ಯಬೇಕು, ಮತ್ತೆ ಇಳಿಸಬೇಕು. ಅಷ್ಟರಲ್ಲಿ ಎಳೆ ಸಸಿಗಳು ಬಾಡಿರುತ್ತವೆ. ನನಗೆ ತಲೆ ಕೊರೆದದ್ದು ಬೇರೆ ವಿಷಯ. ಪ್ಯಾನಲ್ ಬೋರ್ಡಿನಲ್ಲಿ ಪ್ರಿವೆಂಟರ್ ಇತ್ತು. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸಬೇಕಾದದ್ದೇ ಅದು. ಅದು ಇದ್ದೂ ಸುಟ್ಟಿತು, ಯಾಕೆ?

ಕಾರಣ ನಾವು ಪಾಠದಲ್ಲೇ ಹೇಳುವುದು. ಓಡುತ್ತಿರುವ ಮೂರು ಫೇಸ್ ಮೋಟರಿಗೆ ಒಂದು ಫೇಸ್ ಹೋದರೂ ಅಲ್ಲಿ ವೋಲ್ಟೇಜ್ ಸೊನ್ನೆಗೆ ಬೀಳುವುದಿಲ್ಲ. ಹೋದ ಫೇಸಿನಲ್ಲಿ ಮೋಟರೇ ಒಂದಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ವೋಲ್ಟೇಜ್ ಮಾತ್ರ ನೋಡುವ ಪ್ರಿವೆಂಟರ್ ಕೆಲವು ಸಲ ಅದನ್ನೇ ನಂಬಿ ಮೋಟರ್ ನಿಲ್ಲಿಸದೆ ಬಿಡುತ್ತದೆ. ಕರೆಂಟ್, ಅಂದರೆ ತಂತಿಯಲ್ಲಿ ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ನೋಡಿದರೆ ನಿಜ ಗೊತ್ತಾಗುತ್ತದೆ. ಆದರೆ ಅಲ್ಲೂ ಒಂದು ತೊಡಕಿದೆ. ಹಳ್ಳಿಯ ಲೈನಿನಲ್ಲಿ ಮೂರು ಫೇಸಿನ ವೋಲ್ಟೇಜ್ ಯಾವತ್ತೂ ಸಮ ಇರುವುದಿಲ್ಲ. ವೋಲ್ಟೇಜಿನ ಏರುಪೇರು ಶೇಕಡಾ 1 ಇದ್ದರೆ ಕರೆಂಟಿನ ಏರುಪೇರು ಅದರ 6ರಿಂದ 10 ಪಟ್ಟು ಆಗಬಹುದು. ಅಂದರೆ ವೋಲ್ಟೇಜ್ ಶೇಕಡಾ 2 ಏರುಪೇರಾದರೆ ಕರೆಂಟ್ ಶೇಕಡಾ 12ರಿಂದ 20. ಶೇಕಡಾ 15ಕ್ಕೆ ಟ್ರಿಪ್ ಆಗು ಅಂತ ಮಿತಿ ಇಟ್ಟರೆ ಏನೂ ಆಗದ ಮೋಟರ್ ಸುಮ್ನೆ ನಿಲ್ಲುತ್ತದೆ. ನಾಲ್ಕು ಸಲ ಹಾಗೆ ನಿಂತರೆ ರೈತರು ಮೋಟರ್ ನಿಲ್ಲಿಸುವ ಆ ರಿಲೇಯನ್ನೇ ಬೈಪಾಸ್ ಮಾಡಿಬಿಡುತ್ತಾರೆ. ಅವರದ್ದು ತಪ್ಪಲ್ಲ. ಲೈನಿನಲ್ಲಿ ಸಪ್ಲೈ ಇರುವ ಅಷ್ಟು ಹೊತ್ತಿನಲ್ಲೇ ನೀರು ಹಾಯಿಸಬೇಕು.

ಹಾಗಾಗಿ ಆ ಹೊತ್ತಿನ ವೋಲ್ಟೇಜ್ ಎಷ್ಟು ಏರುಪೇರಾಗಿದೆಯೋ ಅದಕ್ಕೆ ತಕ್ಕಂತೆ ಕರೆಂಟಿನ ಮಿತಿಯನ್ನೂ ಸರಿಸುವ ಒಂದು ಸಣ್ಣ ಯೂನಿಟ್ ಮಾಡಿದೆವು. ಮೂರು ಬೋರ್‌ವೆಲ್‌ಗಳ ಪ್ಯಾನಲ್ ಬೋರ್ಡಿನಲ್ಲಿ ಇಟ್ಟು ಆರು ವಾರ ಡೇಟಾ ತೆಗೆದೆವು.

ಮೊದಲ ಪೇಪರಿನಲ್ಲಿ ಇದ್ಯಾವುದೂ ಕಾಣುತ್ತಿರಲಿಲ್ಲ. ಬ್ಲಾಕ್ ಡಯಾಗ್ರಾಂ ಇತ್ತು. ಯಾವ ಮೈಕ್ರೋಕಂಟ್ರೋಲರ್, ಯಾವ ಸೆನ್ಸರ್, ಮೊಬೈಲಿಗೆ ಮೆಸೇಜ್ ಹೇಗೆ ಬರುತ್ತದೆ, ಎಷ್ಟು ಖರ್ಚು, ಎಲ್ಲ ಇತ್ತು. ಬೋರ್ಡಿನ ಫೋಟೋ ಅರ್ಧ ಪುಟ. ಅಳತೆ ಮಾಡಿದ್ದು ಕೊನೆಯ ಪುಟದ ಒಂದು ಪುಟ್ಟ ಟೇಬಲ್ಲಿನಲ್ಲಿತ್ತು. ಪೇಪರ್ ಪರಿಶೀಲಿಸಿದ ಒಬ್ಬ ರಿವ್ಯೂವರ್ ಎರಡೇ ಸಾಲು ಬರೆದಿದ್ದರು: ಇದು ಪ್ರಾಜೆಕ್ಟ್ ರಿಪೋರ್ಟ್ ಥರ ಇದೆ, ಈಗಿರುವ ರಿಲೇಗಿಂತ ಯಾವುದರಲ್ಲಿ ಮೇಲು ಅಂತ ಎಲ್ಲೂ ತೋರಿಸಿಲ್ಲ. ಓದಿದ ದಿನ ಬೇಜಾರಾಯಿತು. ವಾರ ಬಿಟ್ಟು ಪೇಪರ್ ತೆಗೆದು ಓದಿದೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಆ ಭಾನುವಾರ ತೋಟಕ್ಕೆ ಹೋದಾಗ ಚಿಕ್ಕಪ್ಪನಿಗೆ ವಿಷಯ ವಿವರಿಸುತ್ತಿದ್ದೆ. ಸೆನ್ಸರ್, ಆ್ಯಪ್ ಅಂತ ಏನೇನೋ ಹೇಳಿದೆ. ಅವರು ಕಾಯಿ ಸುಲಿಯುತ್ತಾ ಕೇಳಿಸಿಕೊಂಡು, "ಅದೆಲ್ಲ ಇರ್ಲಿ ಮಗ, ಬರೀ ಒಂದ್ ಮಾತಲ್ಲಿ ಹೇಳು, ನೀನ್ ಏನ್ ಕಂಡ್ಕೊಂಡೆ?" ಅಂದರು.

ನಾನು ಹೇಳಿದೆ: "ಫೇಸ್ ಹೋಗಿದೆಯಾ ಅಂತ ಕರೆಂಟ್ ನೋಡಿ ಹೇಳಬಹುದು ಚಿಕ್ಕಪ್ಪ. ಆದರೆ ಒಂದೇ ಮಿತಿ ಇಟ್ಟರೆ ನಮ್ಮೂರಿನ ಲೈನಿನಲ್ಲಿ ಸುಮ್ನೆ ಸುಮ್ನೆ ನಿಲ್ಲುತ್ತೆ. ಮಿತೀನೂ ಲೈನಿನ ಜೊತೆ ಏರಿಳಿದರೆ ನಿಲ್ಲಲ್ಲ."

"ಹಂಗಾರೆ ಅದನ್ನೇ ಬರಿ" ಅಂದರು.

ರಾತ್ರಿ ನೋಟ್‌ಬುಕ್ಕಿನಲ್ಲಿ ಆ ಮೂರು ವಾಕ್ಯ ಕನ್ನಡದಲ್ಲೇ ಬರೆದುಕೊಂಡೆ. ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಬರೆಯೋಕೆ ಶುರು ಮಾಡಿದರೆ ಎಲ್ಲೋ ಓದಿದ ದೊಡ್ಡ ದೊಡ್ಡ ಪದಗಳು ತಾವೇ ಬಂದು ಕೂರುತ್ತವೆ, ಹೇಳಬೇಕಾದದ್ದು ಹಿಂದೆ ಉಳಿಯುತ್ತದೆ. ಕನ್ನಡದಲ್ಲಿ ಬರೆದಾಗ ಹಾಗಾಗಲ್ಲ. ಆ ಮೂರು ವಾಕ್ಯಕ್ಕೆ ಬೇಕಿಲ್ಲದ ಪ್ಯಾರಾಗಳನ್ನೆಲ್ಲ ಹೊಡೆದು ಹಾಕಿದೆ. ಮೊಬೈಲ್ ಆ್ಯಪ್ ಪೂರ್ತಿ ಹೋಯಿತು. ಅದಕ್ಕೆ ಎರಡು ತಿಂಗಳು ದುಡಿದ ವಿದ್ಯಾರ್ಥಿಗೆ ಇದನ್ನು ಹೇಳೋದು ಕಷ್ಟವಾಯಿತು. ಬೋರ್ಡಿನ ವಿವರ ಅರ್ಧ ಕಾಲಮ್ಮಿಗೆ ಇಳಿಯಿತು.

ಆಮೇಲೆ ಮೊದಲು ಮಾಡಿದ್ದು ಚಿತ್ರ. ಪೀಠಿಕೆ ಅಲ್ಲ, ಪೇಪರಿನ ಸಾರಾಂಶವಾದ ಅಬ್‌ಸ್ಟ್ರ್ಯಾಕ್ಟೂ ಅಲ್ಲ. ನಮ್ಮ ಡೇಟಾದಲ್ಲಿ ಒಂದು ಮಧ್ಯಾಹ್ನ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಒಂದು ಡಿಓ (ಡ್ರಾಪ್ ಔಟ್) ಫ್ಯೂಸ್ ಹೋದ ಗಳಿಗೆ ಸಿಕ್ಕಿತ್ತು. ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಟಿಸಿಗೆ ಲೈನ್ ಬರುವ 11 ಕೆವಿ ಕಡೆ ಒಂದು ಫೇಸ್ ಹೋದರೆ ನಮ್ಮ ಕಡೆಯ ಮೂರು ಫೇಸಿನಲ್ಲಿ ಒಂದರ ಕರೆಂಟ್ ಉಳಿದೆರಡರ ಸುಮಾರು ಎರಡು ಪಟ್ಟಾಗುತ್ತದೆ ಅಂತ ಪುಸ್ತಕ ಹೇಳುತ್ತದೆ. ಇಲ್ಲಿ ಅದು ಹಾಗೇ ಕಾಣುತ್ತಿತ್ತು. ಜೊತೆಗೇ ಹೋಗುತ್ತಿದ್ದ ಮೂರು ಗೆರೆಗಳಲ್ಲಿ ಒಂದು ಥಟ್ಟನೆ ಮೇಲೇರುತ್ತದೆ. ಅದೇ ಕ್ಷಣ ಕೆಳಗಿನ ವೋಲ್ಟೇಜ್ ಗೆರೆಗಳಲ್ಲಿ ಯಾವುದೂ ಸೊನ್ನೆ ಮುಟ್ಟುವುದಿಲ್ಲ. ಮೇಲೆ ಕರೆಂಟ್, ಕೆಳಗೆ ವೋಲ್ಟೇಜ್, ಕರೆಂಟಿನ ಮೇಲೆ ಎರಡು ಅಡ್ಡಗೆರೆ. ಒಂದು ಅಲುಗದ ಮಿತಿ, ಇನ್ನೊಂದು ಸರಿಯುವ ಮಿತಿ. ಇಡೀ ಪೇಪರ್ ಆ ಒಂದು ಚಿತ್ರದಲ್ಲಿ ಇತ್ತು.

ಚಿತ್ರ ಬರೆಯುವಾಗ ಅಳತೆ ಮರೆಯಬೇಡಿ. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐ ಟ್ರಿಪಲ್ ಇ ಕೊಡುವ ಟೆಂಪ್ಲೇಟಿನ (ಪೇಪರಿನ ಸಿದ್ಧ ಮಾದರಿ) ಒಂದು ಕಾಲಮ್ ಸುಮಾರು 3.5 ಇಂಚು ಅಗಲ. ಲ್ಯಾಪ್‌ಟಾಪ್ ಪರದೆ ತುಂಬಾ ಚಿತ್ರ ಮಾಡಿ ಆಮೇಲೆ ಕುಗ್ಗಿಸಿದರೆ ಅಕ್ಷರ ಇರುವೆಯಷ್ಟಾಗುತ್ತದೆ. ನಾನು ಶುರುವಿನಲ್ಲೇ 3.5 ಇಂಚಿಗೆ ಮಾಡಿ, ಅಕ್ಷರ 8 ಪಾಯಿಂಟ್ ಇಟ್ಟೆ. ಟೆಂಪ್ಲೇಟ್ ಹೇಳುವುದೂ ಅಷ್ಟೇ. ಅಕ್ಷದ ಮೇಲೆ ಬರೀ ಒಂದು ಅಕ್ಷರದ ಗುರುತು ಹಾಕದೆ, ಕರೆಂಟ್ ಅಂತ ಪೂರ್ತಿ ಪದ ಬರೆದು ಪಕ್ಕದಲ್ಲಿ ಆಂಪಿಯರ್ ಹಾಕಿದೆ. ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿದೆ, ಮೂರು ಗೆರೆಯೂ ಬೇರೆ ಬೇರೆ ಕಾಣಬೇಕಲ್ವಾ.

ಚಿತ್ರದ ನಂತರ ಫಲಿತಾಂಶ, ಆಮೇಲೆ ಅಳೆದ ವಿಧಾನ, ಆಮೇಲೆ ಪೀಠಿಕೆ, ಕೊನೆಗೆ ಅಬ್‌ಸ್ಟ್ರ್ಯಾಕ್ಟ್ ಬರೆದೆ. ಪೀಠಿಕೆಯಲ್ಲಿ ಮೊದಲ ಸಲ "ಭಾರತ ಕೃಷಿ ಪ್ರಧಾನ ದೇಶ" ಅಂತ ಶುರು ಮಾಡಿದ್ದೆ. ಈ ಸಲ ಮೊದಲ ವಾಕ್ಯದಲ್ಲೇ ಪ್ರಿವೆಂಟರ್ ಇದ್ದೂ ಮೋಟರ್ ಸುಡುತ್ತದೆ ಅಂತ ಬರೆದೆ. ಹೆಸರೂ ಬದಲಾಯಿತು. ಮೊದಲಿನದು "ಸ್ಮಾರ್ಟ್ ಪಂಪ್ ರಕ್ಷಣಾ ವ್ಯವಸ್ಥೆ" ಅನ್ನೋ ಥರದ್ದು. ಎರಡನೆಯದು ಕನ್ನಡದಲ್ಲಿ ಹೇಳಿದರೆ "ಏರುಪೇರಾದ ಹಳ್ಳಿ ಲೈನಿನಲ್ಲಿ ಫೇಸ್ ಹೋದದ್ದನ್ನು ಸರಿಯುವ ಮಿತಿಯಿಂದ ಗುರುತಿಸುವುದು". ಉದ್ದವಾಯಿತು, ಆದರೆ ಒಳಗೆ ಏನಿದೆಯೋ ಅದನ್ನೇ ಹೇಳುತ್ತದೆ.

ಹೋಲಿಕೆಗೆ ಹೊಸ ಪ್ರಯೋಗ ಬೇಕಾಗಲಿಲ್ಲ. ತೆಗೆದಿದ್ದ ಅದೇ ಆರು ವಾರದ ಡೇಟಾದ ಮೇಲೆ ಎರಡೂ ಮಿತಿಗಳನ್ನು ಓಡಿಸಿ, ಯಾವುದು ಎಷ್ಟು ಸಲ ತಪ್ಪಾಗಿ ನಿಲ್ಲಿಸುತ್ತಿತ್ತು, ನಿಜವಾಗಿ ಫೇಸ್ ಹೋದಾಗ ಎಷ್ಟು ಬೇಗ ಹಿಡಿಯಿತು ಅಂತ ಪಕ್ಕ ಪಕ್ಕ ಇಟ್ಟೆ. ರಿವ್ಯೂವರ್ ಕೇಳಿದ್ದು ಇದನ್ನೇ. ನಮ್ಮದು ಸೋತ ಕಡೆಯನ್ನೂ ಬರೆದೆ. ಮೋಟರ್ ಸ್ಟಾರ್ಟ್ ಆಗುವ ಮೊದಲ ಕೆಲವು ಸೆಕೆಂಡ್ ಕರೆಂಟ್ ಜಾಸ್ತಿ ಇರುತ್ತದೆ, ಆಗ ನಮ್ಮ ಲೆಕ್ಕ ನಡೆಯುವುದಿಲ್ಲ. ಆ ಹೊತ್ತು ಯೂನಿಟ್ ಸುಮ್ಮನಿರುವಂತೆ ಮಾಡಿದ್ದೆವು. ಅದನ್ನು ಮುಚ್ಚಿಡದೆ ಒಂದು ಪ್ಯಾರಾ ಕೊಟ್ಟೆ.

ಎಲ್ಲಿಗೆ ಕಳಿಸೋದು? ನಮಗೆಲ್ಲ ವಾರಕ್ಕೆ ಹತ್ತಾರು ಇಮೇಲ್ ಬರುತ್ತವೆ. ಯಾವ ವಿಷಯವಾದರೂ ಸರಿ, ಮೂರು ದಿನದಲ್ಲಿ ಒಪ್ಪಿಗೆ, ಮೊದಲೇ ದುಡ್ಡು ಕಟ್ಟಿ ಅಂತ. ಅಂಥವನ್ನು ನಾನು ತೆರೆಯುವುದಿಲ್ಲ. ಇಂಡಿಕಾನ್ ಇದೆ, ಐ ಟ್ರಿಪಲ್ ಇ ಇಂಡಿಯಾ ಕೌನ್ಸಿಲ್ ವರ್ಷ ವರ್ಷ ನಡೆಸುತ್ತದೆ. ಬೆಂಗಳೂರು ಸೆಕ್ಷನ್ ನಡೆಸುವ ಕನೆಕ್ಟ್ ಇದೆ. ಹೆಸರು ಗೊತ್ತಿಲ್ಲದ ಕಾನ್ಫರೆನ್ಸ್ ಆದರೆ ಐ ಟ್ರಿಪಲ್ ಇ ಕಾನ್ಫರೆನ್ಸ್ ಪಟ್ಟಿಯಲ್ಲಿ ಅದು ಇದೆಯಾ, ಹಿಂದಿನ ವರ್ಷಗಳ ಪೇಪರ್‌ಗಳು ಅವರ ಆನ್‌ಲೈನ್ ಸಂಗ್ರಹವಾದ ಎಕ್ಸ್‌ಪ್ಲೋರ್‌ನಲ್ಲಿ ಬಂದಿವೆಯಾ ಅಂತ ನೋಡುತ್ತೇನೆ. ಆ ಹಳೆಯ ಪೇಪರ್‌ಗಳಲ್ಲಿ ನಾಲ್ಕೈದು ಓದಿದರೆ ನಮ್ಮ ಪೇಪರ್ ಅಲ್ಲಿ ಹೊಂದುತ್ತದಾ ಇಲ್ವಾ ಅಂತಲೂ ತಿಳಿಯುತ್ತದೆ.

ಟೆಂಪ್ಲೇಟ್ ಬಗ್ಗೆ ಒಂದು ಮಾತು. ಅದರ ಒಳಗಿರುವ ಸೂಚನೆಗಳನ್ನು ಪೂರ್ತಿ ಓದಿ. ಪೇಪರಿನ ಹೆಸರಿನಲ್ಲಿ, ಅಬ್‌ಸ್ಟ್ರ್ಯಾಕ್ಟಿನಲ್ಲಿ ಗಣಿತದ ಚಿಹ್ನೆ ಹಾಕಬಾರದು ಅಂತ ಅಲ್ಲೇ ಇದೆ. ಸೂಚನೆಯ ಸಾಲುಗಳನ್ನು ಅಳಿಸದೆ ಬಿಟ್ಟರೆ ಪೇಪರ್ ಪ್ರಕಟವಾಗದೇ ಹೋಗಬಹುದು ಅಂತಲೂ ಕೆಂಪಕ್ಷರದಲ್ಲಿದೆ. ನಾನು ಓವರ್‌ಲೀಫ್‌ನಲ್ಲಿ ಲೇಟೆಕ್ ಅನ್ನೋ ಪುಟ ಜೋಡಿಸುವ ತಂತ್ರಾಂಶ ಬಳಸಿದೆ. ವರ್ಡ್ ಟೆಂಪ್ಲೇಟೂ ಸಿಗುತ್ತದೆ. ಪುಟದ ಮಿತಿ ಆರು ಇತ್ತು. ಏಳನೇ ಪುಟಕ್ಕೆ ನಾಲ್ಕು ಸಾಲು ಚಾಚಿದಾಗ ಅಕ್ಷರ ಕುಗ್ಗಿಸೋಣ ಅನ್ನಿಸಿತು. ಕುಗ್ಗಿಸಲಿಲ್ಲ. ಅಲ್ಲಿ ಇಲ್ಲಿ ಎರಡೆರಡು ಪದ ಕಿತ್ತೆ, ಜಾಗವಾಯಿತು.

ನಾನು ಕಳಿಸಿದ ಕಾನ್ಫರೆನ್ಸಿನಲ್ಲಿ ಡಬಲ್ ಬ್ಲೈಂಡ್ ರಿವ್ಯೂ. ಬರೆದವರು ಯಾರು ಅಂತ ರಿವ್ಯೂವರಿಗೆ ಗೊತ್ತಾಗಬಾರದು. ಹೆಸರು, ಕಾಲೇಜು ತೆಗೆದರೆ ಸಾಲದು. ಬೋರ್ಡಿನ ಫೋಟೋದಲ್ಲಿ ನಮ್ಮ ಲ್ಯಾಬಿನ ಸ್ಟಿಕ್ಕರ್ ಕಾಣುತ್ತಿತ್ತು. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ನನ್ನ ಹೆಸರಿತ್ತು. ಎರಡನ್ನೂ ಸರಿ ಮಾಡಿದೆ.

ಲೇಖಕರ ಹೆಸರಿನ ವಿಷಯವನ್ನು ಬಿಟ್ಟು ಮುಂದೆ ಹೋಗೋಕೆ ಮನಸ್ಸಾಗುತ್ತಿಲ್ಲ. ಕೆಲಸದಲ್ಲಿ ಇಲ್ಲದ ಒಬ್ಬ ಹಿರಿಯರು ತಮ್ಮ ಹೆಸರೂ ಸೇರಲಿ ಅಂದರು. ಐ ಟ್ರಿಪಲ್ ಇ ನಿಯಮ ಸ್ಪಷ್ಟ: ಕೆಲಸದಲ್ಲಿ ನಿಜವಾದ ಪಾಲು ಇರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿಯನ್ನು ಒಪ್ಪಿರಬೇಕು. ಗೈಡ್ ಮೇಡಂ ಹತ್ತಿರ ಹೋದೆ. "ನಿಯಮದ ಪುಟ ಪ್ರಿಂಟ್ ತಗೊಂಡು ಹೋಗಿ ತೋರ್ಸಮ್ಮ, ನಾನೂ ಬರ್ತೀನಿ" ಅಂದರು. ಜೊತೆಗೇ ಬಂದರು. ಹೆಸರು ಸೇರಲಿಲ್ಲ. ಡೇಟಾ ತೆಗೆಯಲು ಮೂರು ತೋಟಕ್ಕೆ ಅಲೆದ ವಿದ್ಯಾರ್ಥಿಯ ಹೆಸರು ನನ್ನ ಹೆಸರಿನ ಪಕ್ಕದಲ್ಲಿದೆ. ತೋಟದವರಿಗೂ, ಸುಟ್ಟ ವೈಂಡಿಂಗ್ ಬಿಚ್ಚಿ ತೋರಿಸಿದ ರಿವೈಂಡಿಂಗ್ ಅಂಗಡಿಯವರಿಗೂ ಕೃತಜ್ಞತೆಯಲ್ಲಿ ಜಾಗ ಕೊಟ್ಟೆ, ರಿವ್ಯೂ ಮುಗಿದ ಮೇಲೆ.

ಕಳಿಸುವ ಮುಂಚೆ ಸಿಮಿಲಾರಿಟಿ, ಅಂದರೆ ಬೇರೆಯವರ ಬರಹವನ್ನು ಎಷ್ಟು ಹೋಲುತ್ತದೆ ಅಂತ ನೋಡಿದೆ. ಹಿಂದಿನವರ ಕೆಲಸ ಹೇಳುವ ಪ್ಯಾರಾದಲ್ಲಿ ಅವರ ವಾಕ್ಯಗಳೇ ನುಸುಳಿದ್ದವು. ಆ ಪೇಪರ್‌ಗಳನ್ನು ಮುಚ್ಚಿಟ್ಟು, ನೆನಪಿನಿಂದ ನನ್ನ ಮಾತಿನಲ್ಲಿ ಬರೆದು, ಆಮೇಲೆ ಸರಿಯಿದೆಯಾ ಅಂತ ತಾಳೆ ನೋಡಿದೆ. ಎಐ ಬಳಸಿ ಬರೆಸಿದ ಭಾಗ ಇದ್ದರೆ ಕೃತಜ್ಞತೆಯ ಭಾಗದಲ್ಲಿ ಹೇಳಬೇಕು ಅನ್ನೋ ನಿಯಮ ಈಗಿದೆ, ಅದನ್ನೂ ಗಮನಿಸಿ.

ಡೆಡ್‌ಲೈನ್ ಪಕ್ಕದಲ್ಲಿ ಎಒಇ ಅಂತ ಇತ್ತು. ಭೂಮಿಯ ಮೇಲೆ ಎಲ್ಲಾದರೂ ಆ ತಾರೀಖು ಉಳಿದಿರುವವರೆಗೆ ಅಂತ ಅರ್ಥ. ರಾತ್ರಿ 11:59 ಎಒಇ ಅಂದರೆ ನಮಗೆ ಮರುದಿನ ಸಂಜೆ 5:29. ಇದನ್ನು ನಂಬಿ ಕೂರಬೇಡಿ, ಕೊನೆಯ ಗಂಟೆಯಲ್ಲಿ ಸೈಟ್ ನಿಧಾನವಾಗುತ್ತದೆ. ಎರಡು ದಿನ ಮುಂಚೆಯೇ ಒಂದು ಪ್ರತಿ ಹಾಕಿದೆ. ಡೆಡ್‌ಲೈನ್‌ವರೆಗೂ ಬದಲಾಯಿಸಲು ಬಿಡುತ್ತಿದ್ದರು. ಎರಡು ಸಲ ತಿದ್ದಿದ ಪ್ರತಿ ಹಾಕಿದೆ.

ಒಪ್ಪಿಗೆ ಬಂತು, ಜೊತೆಗೆ ಹನ್ನೊಂದು ಪ್ರಶ್ನೆಗಳು. ಪ್ರತಿಯೊಂದನ್ನೂ ಕಾಪಿ ಮಾಡಿ, ಕೆಳಗೆ ಉತ್ತರ, ಯಾವ ಪುಟದಲ್ಲಿ ಏನು ಬದಲಾಯಿಸಿದೆ ಅಂತ ಬರೆದೆ. ಒಪ್ಪದ ಕಡೆ ಯಾಕೆ ಒಪ್ಪಲಿಲ್ಲ ಅಂತ ಕಾರಣ ಕೊಟ್ಟೆ. ಕ್ಯಾಮೆರಾ ರೆಡಿ ಪ್ರತಿಯನ್ನು, ಅಂದರೆ ಪ್ರಕಟಣೆಗೆ ಹೋಗುವ ಕೊನೆಯ ಪ್ರತಿಯನ್ನು, ಪಿಡಿಎಫ್ ಸರಿಯಿದೆಯಾ ಅಂತ ಪರೀಕ್ಷಿಸುವ ಐ ಟ್ರಿಪಲ್ ಇ ಸೈಟ್ ಪಿಡಿಎಫ್ ಎಕ್ಸ್‌ಪ್ರೆಸ್‌ಗೆ ಹಾಕಿದರೆ ಪಾಸ್ ಆಗಲಿಲ್ಲ: ಫಾಂಟ್ ಎಂಬೆಡ್ ಆಗಿಲ್ಲ, ಅಂದರೆ ಪಿಡಿಎಫ್ ಒಳಗೆ ಸೇರಿಲ್ಲ. ತಪ್ಪು ಬರಹದಲ್ಲಿ ಇರಲಿಲ್ಲ, ಗ್ರಾಫ್ ಮಾಡಲು ಬಳಸಿದ ತಂತ್ರಾಂಶ ಮ್ಯಾಟ್‌ಲ್ಯಾಬ್‌ನಿಂದ ತೆಗೆದ ಆ ಮುಖ್ಯ ಚಿತ್ರದಲ್ಲೇ ಇತ್ತು. ಎಕ್ಸ್‌ಪೋರ್ಟ್‌ಗ್ರಾಫಿಕ್ಸ್ ಕಮಾಂಡಿನಿಂದ ವೆಕ್ಟರ್ ರೂಪದಲ್ಲಿ ಮತ್ತೆ ತೆಗೆದೆ, ಪಾಸ್ ಆಯಿತು. ಕಾಪಿರೈಟ್ ಫಾರಂ, ರಿಜಿಸ್ಟ್ರೇಷನ್ ಒಂದು ದಿನದ ಕೆಲಸ. ಲೇಖಕರಲ್ಲಿ ಒಬ್ಬರಾದರೂ ಕಾನ್ಫರೆನ್ಸಿಗೆ ಹೋಗಿ ಪೇಪರ್ ಓದಲೇಬೇಕು, ಹೋಗದಿದ್ದರೆ ಪೇಪರನ್ನು ಎಕ್ಸ್‌ಪ್ಲೋರ್‌ಗೆ ಸೇರಿಸದೆ ಬಿಡುವ ಹಕ್ಕು ಐ ಟ್ರಿಪಲ್ ಇಗೆ ಇದೆ.

ಹತ್ತು ನಿಮಿಷ ಓದಲು, ಐದು ನಿಮಿಷ ಪ್ರಶ್ನೆಗೆ. ಡಿಓ ಹೋದ ಚಿತ್ರವನ್ನೇ ಎರಡನೇ ಸ್ಲೈಡಿನಲ್ಲಿ ಇಟ್ಟೆ. ಮುಂದಿನ ಸಾಲಿನಲ್ಲಿದ್ದ ಹಿರಿಯ ಎಂಜಿನಿಯರ್ ಒಬ್ಬರು ಕೈ ಎತ್ತಿದರು. "ಒಂದೇ ಟಿಸಿ ಮೇಲೆ ಪಕ್ಕದ ತೋಟದ ಮೋಟರೂ ಓಡ್ತಾ ಇದ್ರೆ? ಹೋದ ಫೇಸಿಗೆ ಅದೂ ವೋಲ್ಟೇಜ್ ಕೊಡುತ್ತಲ್ಲಮ್ಮ, ಆಗ ನಿಮ್ಮ ಮಿತಿ ಏನ್ ಮಾಡುತ್ತೆ?"

ನಾವು ಅಳೆದಿದ್ದ ಮೂರೂ ಬೋರ್‌ವೆಲ್ ಬೇರೆ ಬೇರೆ ಟಿಸಿಯವು. "ಅಳೆದಿಲ್ಲ ಸರ್" ಅಂದೆ. ಮುಂದಿನ ಭಾನುವಾರ ಚಿಕ್ಕಪ್ಪನ ಪಕ್ಕದ ತೋಟದವರನ್ನು ಕೇಳಿ, ಅವರ ಪ್ಯಾನಲ್ ಬೋರ್ಡಿನಲ್ಲಿ ಇನ್ನೊಂದು ಯೂನಿಟ್ ಕಟ್ಟಿ ಬಂದೆವು.