ಆಕಾಶದಲ್ಲಿ ಫಳ್ ಅಂದಿದ್ದನ್ನು ಹಿಡಿಯೋದು ಹೇಗೆ?

2008ರ ಮಾರ್ಚ್ 19ರಂದು ಆಕಾಶದಲ್ಲಿ ಒಂದು ಬೆಳಕು ಫಳ್ ಅಂತು, ಕೆಲವೇ ಸೆಕೆಂಡು, ಬರಿಗಣ್ಣಿಗೂ ಕಾಣುವಷ್ಟು. ಬಹುದೂರದಲ್ಲಿ ನಕ್ಷತ್ರವೊಂದು ಸಿಡಿದಾಗ ಬಂದ ಆ ಬೆಳಕು ಹೊರಟು ಸುಮಾರು 750 ಕೋಟಿ ವರ್ಷ ಆಗಿತ್ತು! ಅದನ್ನು ಹಿಡಿದದ್ದು ಚಿಲಿಯಲ್ಲಿ ತನ್ನಷ್ಟಕ್ಕೆ ತಾನೇ ಆಕಾಶ ಕಾಯುತ್ತಿದ್ದ 'ಪೈ ಆಫ್ ದ ಸ್ಕೈ' ಎಂಬ ಪೋಲೆಂಡಿನವರ ಕ್ಯಾಮೆರಾ.

ನಮಗೆ ಅಂಥದ್ದು ಸಿಗೋದು ಕಷ್ಟ. ಉಲ್ಕೆಗಳು ಮಾತ್ರ ಕಲಬುರಗಿಯ ಮಾಳಿಗೆ ಮೇಲಿಂದಲೇ ಸಿಗುತ್ತವೆ. ಪ್ರತಿ ವರ್ಷ ಡಿಸೆಂಬರ್ 13–14ರ ಸುಮಾರಿಗೆ ಸುರಿಯುವ ಜೆಮಿನಿಡ್ ಉಲ್ಕೆಗಳಿಂದ ಶುರು ಮಾಡಿ.

ಮೊದಲು, ಕತ್ತಲಲ್ಲೂ ಚೆನ್ನಾಗಿ ಕಾಣುವ ಸಿಸಿಟಿವಿ ಕ್ಯಾಮೆರಾ ಮತ್ತು ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಬೇಕು. ಕ್ಯಾಮೆರಾದ ನೈಟ್ ವಿಷನ್ ದೀಪಗಳನ್ನು ಮರೆಯದೆ ಆಫ್ ಮಾಡಿ. ನಾನು ಮಾಡಿರಲಿಲ್ಲ. ಮೊದಲ ವಾರ ದಿನಾ ಬೆಳಿಗ್ಗೆ ರಾಶಿ ರಾಶಿ ವಿಡಿಯೊ, ಖುಷಿಯೋ ಖುಷಿ, ಆಮೇಲೆ ನೋಡಿದರೆ ಎಲ್ಲದರಲ್ಲೂ ಆ ದೀಪಕ್ಕೆ ಹೊಳೆಯುವ ಒಂದೇ ಜೇಡ, ಗಾಜಿನ ಮೇಲೆ ಬಲೆ ಕಟ್ಟುತ್ತಾ ಕೂತಿತ್ತು.

ಶಹಾಬಾದ್ ಕಲ್ಲು ಹಾಸಿದ ಮಾಳಿಗೆ ರಾತ್ರಿಯಾದರೂ ಕಾದೇ ಇರುತ್ತದೆ. ಬಿಸಿ ಜಾಸ್ತಿಯಾದರೆ ಚಿತ್ರದ ತುಂಬಾ ಬಿಳಿ ಚುಕ್ಕೆ ಬರುತ್ತವೆ. ಅದಕ್ಕೇ ಕ್ಯಾಮೆರಾವನ್ನು ಕಲ್ಲಿನ ಮೇಲೆ ಇಡಬೇಡಿ, ಪೈಪ್ ನೆಟ್ಟು ಎತ್ತರದಲ್ಲಿ, ಬೀದಿ ದೀಪ ಕಾಣದ ಕಡೆಗೆ ಕಟ್ಟಿ.

ಜಗತ್ತಿನ ಹಲವೆಡೆ ಕ್ಯಾಮೆರಾದಿಂದ ಉಲ್ಕೆ ಹಿಡಿಯುವವರ ಬಳಗ, ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್‌ನವರ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದೆ. ಇಂಥ ಸಾಫ್ಟ್‌ವೇರ್‌ನ ಲೆಕ್ಕ ಸರಳ. ಈಗಿನ ಚಿತ್ರದಿಂದ ಹಳೆಯದನ್ನು ಕಳೆದರೆ ನಕ್ಷತ್ರಗಳು ಹೋಗಿ, ಹೊಸದಾಗಿ ಬಂದದ್ದು ಮಾತ್ರ ಉಳಿಯುತ್ತದೆ.

ಅಸಲಿ ತಲೆನೋವು ಇರೋದು ಇಲ್ಲೇ. ಉಳಿದಿದ್ದೆಲ್ಲಾ ಉಲ್ಕೆಯಲ್ಲ. ಒಂದೇ ಚಿತ್ರದಲ್ಲಿ ಬಂದು ಹೋದ ಚುಕ್ಕೆ, ಕ್ಯಾಮೆರಾದ ಸೆನ್ಸರ್‌ಗೆ ಬಡಿದ ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಬರುವ ಸೂಕ್ಷ್ಮ ಕಣ ಇರಬಹುದು. ಮಿಣುಕುತ್ತಾ ಸಾಗಿದ್ದು ವಿಮಾನ. ಮಹಾ ಮೋಸಗಾರ ಅಂದ್ರೆ ಉಪಗ್ರಹ, ಬಿಸಿಲು ತಾಗಿದಾಗ ಒಂದು ಕ್ಷಣ ಹೊಳೆದು ಸುಮ್ನಾಗಿಬಿಡುತ್ತದೆ.

ಇದಕ್ಕೆ ಮದ್ದು ಇನ್ನೊಂದು ಕ್ಯಾಮೆರಾ. ನನ್ನ ಗೆಳೆಯನದು ಯಾದಗಿರಿಯಲ್ಲಿದೆ, ನೇರ ಸುಮಾರು 70 ಕಿ.ಮೀ. ದೂರ. ಉಲ್ಕೆ ಉರಿಯೋದು ಹೆಚ್ಚುಕಡಿಮೆ 100 ಕಿ.ಮೀ. ಎತ್ತರದಲ್ಲಿ. ಹಾಗಾಗಿ ನನಗೊಂದು ನಕ್ಷತ್ರದ ಪಕ್ಕ ಕಂಡರೆ ಅವನಿಗೆ ಬೇರೆಯದರ ಪಕ್ಕ. ಆ ವ್ಯತ್ಯಾಸದಿಂದ ಎತ್ತರ ಗೊತ್ತಾಗುತ್ತದೆ, ಉಲ್ಕೆಗಿಂತ ಮೇಲಿದ್ದರೂ ಭೂಮಿಗೆ ಹತ್ತಿರವೇ ಸುತ್ತುವ ಉಪಗ್ರಹವೂ ಸಿಕ್ಕಿಬೀಳುತ್ತದೆ. ನಿಜಕ್ಕೂ ದೂರದ ಬೆಳಕಾದರೆ ಇಬ್ಬರಿಗೂ ಒಂದೇ ಜಾಗ. ಎರಡೂ ಕಡೆಯ ಗಡಿಯಾರ ಇಂಟರ್ನೆಟ್ ಸಮಯಕ್ಕೆ ಸರಿಯಾಗಿ ಕೂಡಬೇಕು, ಅಷ್ಟೇ.

ಬೆಳಿಗ್ಗೆ ಚಹಾಕ್ಕೂ ಮುಂಚೆ ನನ್ನದು ಒಂದೇ ಫೋನು: "2 ಗಂಟೆ 14 ನಿಮಿಷ, ನಿನಗೂ ಬಿದ್ದದೇನೋ?"

"ಇಲ್ಲಿ ಮೋಡ ಇತ್ತು ನೋಡಪಾ."