ಸಿ1 ತಿರುವಿನಲ್ಲಿ ಮಿಣುಕಿದ ಕೆಂಪು ದೀಪ

ಎಂಜಿನ್ ಎಣ್ಣೆಯ ಪ್ರೆಶರ್ ಬಿದ್ದರೆ ಹತ್ತುವ ಆಯಿಲ್ ಲೈಟ್ ಮೊದಲು ಮಿಣುಕಿದ್ದು ರೇಸಿಗೆ ಮುಂಚಿನ ಶುಕ್ರವಾರದ ಪ್ರಾಕ್ಟೀಸಿನಲ್ಲೇ. ಟ್ರ್ಯಾಕಿನ ಮೇನ್ ಸ್ಟ್ರೇಟ್ ಮುಗಿದು ಮೊದಲ ತಿರುವಾದ ಸಿ1ಗೆ ಕಾರು ಹಾಕಿದಾಗ ಒಂದು ಕ್ಷಣ ಕೆಂಪಗಾಯಿತು, ತಿರುವು ದಾಟುತ್ತಲೇ ಆರಿತು. ಹಳೇ ಕಾರು, ಎಲ್ಲೋ ವೈರ್ ಲೂಸ್ ಆಗಿರಬೇಕು ಅಂದುಕೊಂಡೆ. ಪಿಟ್‌ಗೆ ಬಂದು ಸ್ವಿಚ್ಚಿನ ಕನೆಕ್ಟರ್ ಒತ್ತಿ ಕೂರಿಸಿದೆ, ಕೈ ಒರೆಸಿಕೊಂಡೆ, ಟೀ ಕುಡಿಯಲು ಹೋದೆ. ಅಷ್ಟು ದುಬಾರಿ ಟೀ ನಾನು ಜೀವನದಲ್ಲಿ ಕುಡಿದಿಲ್ಲ.

ನಾನು ಬೆಂಗಳೂರಿನಲ್ಲಿ ಆಫೀಸ್ ಕೆಲಸದಲ್ಲಿರುವವನು. ವರ್ಷಕ್ಕೆ ಎರಡೋ ಮೂರೋ ಸಲ ರೇಸ್. ನಮ್ಮೂರಲ್ಲಿ ಗೋ-ಕಾರ್ಟ್ ಟ್ರ್ಯಾಕ್‌ಗಳಿವೆ, ಆದರೆ ಕಾರು ರೇಸ್ ಮಾಡಬೇಕು ಅಂದರೆ ನಾವು ಹೋಗುವುದು ಚೆನ್ನೈಗೆ, ಇಲ್ಲವೇ ಕೊಯಮತ್ತೂರಿಗೆ. ಚೆನ್ನೈನದು ಶ್ರೀಪೆರಂಬದೂರಿನ ಹತ್ತಿರ, ಇರುಂಗಾಟ್ಟುಕೋಟ್ಟೈನಲ್ಲಿದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಶುರು ಮಾಡಿದ ಟ್ರ್ಯಾಕ್, ಒಂದು ಸುತ್ತು 3.7 ಕಿಲೋಮೀಟರ್. ಗುರುವಾರ ರಾತ್ರಿ ನನ್ನ ಹಳೇ ಮಾರುತಿ ಎಸ್ಟೀಮನ್ನು ಕ್ಯಾರಿಯರ್ ಲಾರಿಗೆ ಹತ್ತಿಸಿ, ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು ಅಂತ ಹಿಂದೆ ಹಿಂದೆ ಹೋಗುವುದು. ಆಂಬೂರಿನಲ್ಲಿ ಬಿರಿಯಾನಿಗೆ ನಿಲ್ಲಿಸದಿದ್ದರೆ ಲಾರಿ ಡ್ರೈವರ್ ಮುಖ ಊದಿಸಿಕೊಳ್ಳುತ್ತಾನೆ.

ಶನಿವಾರ ಬೆಳಿಗ್ಗೆ ಕ್ವಾಲಿಫೈಯಿಂಗ್, ಅಂದರೆ ರೇಸಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವ ಓಟ. ಈ ಸಲ ಹೊಸದೊಂದು ಇತ್ತು: ಟೈರು. ಮೂರು ವರ್ಷ ಮಾಮೂಲಿ ರಸ್ತೆ ಟೈರಿನಲ್ಲೇ ಓಡಿಸಿದ್ದೆ. ಈ ಸಲ ಸ್ನೇಹಿತರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಸೆಮಿ ಸ್ಲಿಕ್ ತಗೊಂಡಿದ್ದೆ, ಗೀರು ಕಮ್ಮಿ, ಹಿಡಿತ ಜಾಸ್ತಿ ಇರುವ ಟೈರು. ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತಿತ್ತು. ಮೊದಲಾದರೆ ಹೆದರಿ ಕಾಲು ತೆಗೆಯುತ್ತಿದ್ದ ಕಡೆ ಈಗ ಕಾಲು ತಾನಾಗೇ ಒತ್ತುತ್ತಿತ್ತು. ನಾಲ್ಕನೇ ಲ್ಯಾಪಿನಲ್ಲಿ ನನ್ನದೇ ಹಳೇ ಟೈಮನ್ನು ಒಂದು ಸೆಕೆಂಡಿಗೂ ಜಾಸ್ತಿ ಮುರಿದಿದ್ದೆ. ದೀಪ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಮಿಣುಕುತ್ತಿತ್ತು. ವೈರು ಲೂಸ್ ಆಗಿದ್ದರೆ ಬೇಕಾದ ಕಡೆ ಮಿಣುಕಬೇಕಿತ್ತು ಅಲ್ವಾ? ಅದು ಹೊಳೆಯಲಿಲ್ಲ.

ಐದನೇ ಲ್ಯಾಪಿನಲ್ಲಿ ಸದ್ದು ಶುರುವಾಯಿತು. ಟಕ ಟಕ ಟಕ. ಎಂಜಿನ್ ವೇಗ ಏರಿದರೆ ಸದ್ದಿನ ವೇಗವೂ ಏರುತ್ತೆ. ಹೆಲ್ಮೆಟ್ ಒಳಗೂ ಕೇಳಿಸುತ್ತೆ, ಪೆಡಲ್ ಮೇಲಿನ ಪಾದಕ್ಕೂ ಗೊತ್ತಾಗುತ್ತೆ. ಆಫ್ ಮಾಡಿ, ಹುಲ್ಲಿನ ಕಡೆ ಉರುಳಿಸಿಕೊಂಡು ಹೋಗಿ ನಿಲ್ಲಿಸಿದೆ. ಮಾರ್ಷಲ್ ಓಡಿ ಬಂದು ಕೈಸನ್ನೆ ಮಾಡಿದ: ಸ್ಟಾರ್ಟ್ ಆಗುತ್ತಾ? ಮಾಡಿದರೆ ಆಗುತ್ತಿತ್ತು. ಮಾಡಲಿಲ್ಲ. ಆ ವಾರ ನಾನು ಸರಿಯಾಗಿ ಮಾಡಿದ್ದು ಇದೊಂದೇ.

ಪ್ಯಾಡಾಕಿನಲ್ಲಿ ನಮ್ಮ ಮೇಸ್ತ್ರಿ ಕಾರಿನ ಕೆಳಗೆ ತೂರಿ ಆಯಿಲ್ ಇಳಿಸಿದರು. ಟ್ರೇಯನ್ನು ಬಿಸಿಲಿಗೆ ಎಳೆದರು. ಕಪ್ಪು ಎಣ್ಣೆ ಮೇಲೆ ಸೀರೆಯ ಜರಿ ಪುಡಿ ಮಾಡಿ ಉದುರಿಸಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಜೇಬಿನಿಂದ ಒಂದು ಮ್ಯಾಗ್ನೆಟ್ ತೆಗೆದು ಅದ್ದಿ ಎತ್ತಿದರು. ಏನೂ ಅಂಟಲಿಲ್ಲ. ನನಗೆ ಒಂದು ಕ್ಷಣ ಖುಷಿಯಾಯಿತು.

"ಕಬ್ಬಿಣ ಅಲ್ವಲ್ಲಾ ಅಣ್ಣ, ಪರವಾಗಿಲ್ವಾ?"

"ಕಬ್ಬಿಣ ಅಲ್ಲ ಅಂದ್ರೆ ಬೇರಿಂಗೇ ಸಾರ್. ಆ ಮೆಟಲ್ ಮ್ಯಾಗ್ನೆಟ್‌ಗೆ ಸಿಕ್ಕಲ್ಲ."

ಆಮೇಲೆ ಆಯಿಲ್ ಫಿಲ್ಟರನ್ನು ಗರಗಸದಲ್ಲಿ ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಪೇಪರ್ ಮೇಲೆ ಬಿಡಿಸಿ ತೋರಿಸಿದರು. ಪ್ರತಿ ಮಡಿಕೆಯಲ್ಲೂ ಮಿಂಚು. ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ, ಅಂದರೆ ಎಂಜಿನ್ನಿನ ತಿರುಗುವ ದಂಡಕ್ಕೆ, ಸೇರುವ ಕಡೆಯ ಬಿಗ್ ಎಂಡ್ ಬೇರಿಂಗ್ ಹೋಗಿತ್ತು. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೇ ನನ್ನ ರೇಸ್ ಮುಗಿದಿತ್ತು. ಎಂಟ್ರಿ ಫೀಸ್ ವಾಪಸ್ ಬರಲ್ಲ.

ಕಾರಣ ಅರ್ಥವಾದಾಗ ನಗು ಬಂತು, ಯಾಕೆಂದರೆ ತಪ್ಪು ಟೈರಿನದು. ಟೈರಿನದಲ್ಲ, ನನ್ನದು. ಎಂಜಿನ್ ಕೆಳಗಿನ ಸಂಪಿನಲ್ಲಿ ಎಣ್ಣೆ ಸುಮ್ನೆ ಬಿದ್ದಿರುತ್ತೆ. ಪಂಪಿನ ಬಾಯಿ ಒಂದೇ ಜಾಗದಲ್ಲಿ ಮುಳುಗಿರುತ್ತೆ. ಮದುವೆ ಮನೆಯ ಸಾರಿನ ಪಾತ್ರೆಯನ್ನು ಆಟೋದಲ್ಲಿ ಇಟ್ಟುಕೊಂಡು ತಿರುವು ತಗೊಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಬಲಕ್ಕೆ ತಿರುಗಿದರೆ ಎಣ್ಣೆ ಎಡಕ್ಕೆ ಏರುತ್ತೆ. ಟೈರು ಒಂದು ಜಿ, ಅಂದರೆ ಕಾರಿನ ತೂಕದಷ್ಟೇ, ಹಿಡಿತ ಕೊಟ್ಟರೆ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲುತ್ತೆ. ರಸ್ತೆ ಟೈರಿನಲ್ಲಿ ಅಷ್ಟು ವಾಲುತ್ತಿರಲಿಲ್ಲ, ಎಂಜಿನ್ ಬದುಕಿಕೊಂಡಿತ್ತು. ಸಿ1 ವೇಗದ ಬಲ ತಿರುವು, ಕಾರು ಅಷ್ಟೂ ಹೊತ್ತು ವಾಲಿಕೊಂಡೇ ಇರುತ್ತೆ. ಅಲ್ಲಿ ಪಂಪು ಎಣ್ಣೆ ಬದಲು ಗಾಳಿ ಎಳೆಯುತ್ತಿತ್ತು. ಕ್ರ್ಯಾಂಕ್ ಬೇರಿಂಗಿನ ಮೇಲೆ ಕೂತಿರಲ್ಲ, ಕೂದಲಿಗಿಂತ ತೆಳುವಾದ ಎಣ್ಣೆ ಪದರದ ಮೇಲೆ ತೇಲುತ್ತಿರುತ್ತೆ. 6,500 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 108 ಸಲ ಸುತ್ತುತ್ತೆ. ಅರ್ಧ ಸೆಕೆಂಡು ಎಣ್ಣೆ ಇಲ್ಲ ಅಂದರೆ ಐವತ್ತು ಸುತ್ತಿಗೂ ಜಾಸ್ತಿ.

ದೀಪವನ್ನು ನಂಬಿದ್ದು ಇನ್ನೊಂದು ಪೆದ್ದತನ. ರಸ್ತೆ ಕಾರಿನ ಆಯಿಲ್ ಲೈಟ್ ಹತ್ತುವುದು ಪ್ರೆಶರ್ ಸುಮಾರು 5 ಪಿಎಸ್‌ಐಗೆ ಇಳಿದಾಗ. ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಬೇಕು ಅನ್ನೋದು ಗ್ಯಾರೇಜಿನ ಹಳೇ ಲೆಕ್ಕ. ಅಂದರೆ ಅರವತ್ತು ಇರಬೇಕಾದ ಕಡೆ ಐದಾದಾಗ ದೀಪ ಹತ್ತುತ್ತೆ. ಅದು ಎಚ್ಚರಿಕೆ ಅಲ್ಲ, ತಿಥಿಯ ಕಾರ್ಡು.

ಭಾನುವಾರ ಉಳಿದುಕೊಂಡೆ. ಮನೆಗೆ ಫೋನ್ ಮಾಡಿದಾಗ ಹೆಂಡತಿ "ಹಾಗಾದ್ರೆ ಇವತ್ತೇ ಬನ್ನಿ, ಕರೆಂಟ್ ಬಿಲ್ ಕಟ್ಟೋದಿದೆ" ಅಂದಳು. ಆದರೆ ಪಕ್ಕದ ಪಿಟ್‌ನ ಕೊಯಮತ್ತೂರಿನ ಹುಡುಗ ಎರಡು ಟೈರು ಹರಿದುಕೊಂಡಿದ್ದ. ನನ್ನ ನಾಲ್ಕೂ ಚಕ್ರ ಬಿಚ್ಚಿ ಕೊಟ್ಟೆ. "ಆಯಿಲ್ ಲೈಟ್ ನೋಡ್ಕೊಳ್ಳಪ್ಪಾ" ಅಂತ ನನ್ನ ಹರಕು ತಮಿಳಿನಲ್ಲಿ ಹೇಳಿದೆ. ಅವನ ಕಾರಿನಲ್ಲಿ ಆಯಿಲ್ ಪ್ರೆಶರ್ ತೋರಿಸುವ ಗೇಜ್ ಇತ್ತು, ಸಂಪಿನಲ್ಲಿ ಎಣ್ಣೆ ಸರಿಯದಂತೆ ತಡೆಯುವ ಗೋಡೆ, ಬ್ಯಾಫಲ್ ಇತ್ತು. ಐದನೆಯವನಾಗಿ ಬಂದ. ಅವನ ಟೈಮಿಂಗ್ ಶೀಟನ್ನು ನನ್ನದೇ ಅನ್ನೋ ಹಾಗೆ ಎರಡೆರಡು ಸಲ ಓದಿದೆ.

ಬೆಂಗಳೂರಿಗೆ ಬಂದು ಎಂಜಿನ್ ಬಿಚ್ಚಿದಾಗ ಮೂರನೇ ಬಿಗ್ ಎಂಡ್ ಬೇರಿಂಗಿನ ಶೆಲ್ಲಿನ (ಅರ್ಧ ಬಳೆಯಂಥ ಚಿಪ್ಪಿನ) ಮೇಲ್ಪದರ ಪೂರ್ತಿ ಸವೆದಿತ್ತು. ಕ್ರ್ಯಾಂಕಿನ ಮೇಲೆ ಉಗುರು ಎಳೆದರೆ ಗೀರಿಗೆ ಸಿಕ್ಕಿಕೊಳ್ಳುತ್ತಿತ್ತು. ಉಗುರು ಸಿಕ್ಕಿಕೊಂಡರೆ ಗ್ರೈಂಡಿಂಗ್, ಬೇರೆ ದಾರಿ ಇಲ್ಲ. ಕ್ರ್ಯಾಂಕನ್ನು 0.25 ಮಿ.ಮೀ. ಅಂಡರ್‌ಸೈಜಿಗೆ, ಅಂದರೆ ಅಷ್ಟು ಸಣ್ಣಗಾಗುವ ಹಾಗೆ, ಗ್ರೈಂಡ್ ಮಾಡಿಸಿ, ಜೆ.ಸಿ. ರೋಡಿನಲ್ಲಿ ಮೂರು ಅಂಗಡಿ ಅಲೆದು ಅದಕ್ಕೆ ಹೊಂದುವ ಶೆಲ್ ತಂದೆ. ಮೇಸ್ತ್ರಿ ಸಂಪಿನೊಳಗೆ ಪಂಪಿನ ಬಾಯಿಯ ಸುತ್ತ ತಗಡಿನ ಗೋಡೆ ವೆಲ್ಡ್ ಮಾಡಿ, ಕೆಳಗಡೆ ಸಣ್ಣ ಬಾಗಿಲುಗಳನ್ನು ಇಟ್ಟರು. ಎಣ್ಣೆ ಒಳಗೆ ಬರುತ್ತೆ, ಹೊರಗೆ ಹೋಗಲ್ಲ. ಅರ್ಧ ಲೀಟರ್ ಎಣ್ಣೆ ಜಾಸ್ತಿ ಹಾಕಿದರೆ ಸಾಕು ಅನ್ನುವವರೂ ಇದ್ದಾರೆ. ಸ್ವಲ್ಪ ಸಹಾಯ ಆಗುತ್ತೆ ನಿಜ, ಆದರೆ ಮಿತಿ ಮೀರಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡಿಬಿಡುತ್ತೆ.

ಗೇಜ್ ಹಾಕಿಸಿದ್ದೇನೆ. ಹಳೇ ಸ್ವಿಚ್ ತೆಗೆದು 20 ಪಿಎಸ್‌ಐನದು ಕೂರಿಸಿ, ಸ್ಟೀರಿಂಗ್ ಎದುರಿಗೇ ಒಂದು ದೊಡ್ಡ ಕೆಂಪು ಬಲ್ಬ್ ಹಾಕಿಸಿದ್ದೇನೆ. ಕೀ ತಿರುಗಿಸಿದರೆ ಕಾರಿನ ಒಳಗೆಲ್ಲ ಕೆಂಪು. ಮಗಳು ಅದನ್ನು ಗಣೇಶನ ಹಬ್ಬದ ಸೀರಿಯಲ್ ಸೆಟ್ ಅಂತಾಳೆ.