ಅಂಕೋರ್‌ಗೆ ಇಬ್ಬರೇ ಹೊರಟರೆ: ಊಟ, ನಮಾಜು, ನಿದ್ದೆ ಮೂರೂ ತಪ್ಪದ ಹಾಗೆ

"ದೇವಸ್ಥಾನ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಬೇಲೂರು ಇಲ್ವಾ?" ಬಂಟ್ವಾಳದಿಂದ ಫೋನಿನಲ್ಲಿ ಅತ್ತೆ ಕೇಳಿದ ಮೊದಲ ಪ್ರಶ್ನೆ ಇದು. ನಾನು ಹಾಸನದವಳು. ಶಾಲೆಯ ಟ್ರಿಪ್ ಅಂದರೆ ನಮಗೆ ಪ್ರತಿ ಸಲವೂ ಬೇಲೂರು-ಹಳೇಬೀಡೇ. ಕಾಂಬೋಡಿಯಾದ ಅಂಕೋರ್ ಗುಡಿಗಳನ್ನು ನೋಡಬೇಕು ಅನ್ನಿಸಿದ್ದೂ ಅದರಿಂದಲೇ. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. ಅಂಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ಎರಡೂ ವಿಷ್ಣುವಿಗಾಗಿ ಕಟ್ಟಿದ ಗುಡಿಗಳು. ಒಂದೇ ಕಾಲದಲ್ಲಿ ಇಲ್ಲೂ ಅಲ್ಲೂ ಉಳಿ ಸದ್ದು ಮಾಡುತ್ತಿತ್ತು ಅಂದರೆ ಹೋಗಿ ನೋಡದೆ ಇರೋಕಾಗತ್ತಾ?

ಊರಿನ ಹೆಸರು ಸಿಯಾಮ್ ರೀಪ್. ಬೆಂಗಳೂರಿನಿಂದ ಕ್ವಾಲಾಲಂಪುರ, ಬ್ಯಾಂಕಾಕ್ ಅಥವಾ ಸಿಂಗಪುರದ ಮೇಲೆ ಹೋಗಬಹುದು. ನಾನಾದರೆ ಕ್ವಾಲಾಲಂಪುರ ಅನ್ನುತ್ತೇನೆ, ನಡುವೆ ಕಾಯುವ ನಾಲ್ಕೈದು ಗಂಟೆಯಲ್ಲಿ ಊಟಕ್ಕೂ ನಮಾಜಿಗೂ ಪರದಾಡಬೇಕಿಲ್ಲ. ಎರಡೂ ವಿಮಾನ ಒಂದೇ ಟಿಕೆಟಿನಲ್ಲಿರಲಿ. ಇಲ್ಲದಿದ್ದರೆ ಲಗೇಜು ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡುವ ಪಾಡು. ಇ-ವೀಸಾವನ್ನು ಸರ್ಕಾರದ ವೆಬ್‌ಸೈಟಿನಲ್ಲೇ ಮಾಡಿಕೊಳ್ಳಿ. ಹೊರಡುವ ವಾರದಲ್ಲಿ ಇ-ಅರೈವಲ್ ಅರ್ಜಿಯನ್ನೂ ತುಂಬಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ಏಪ್ರಿಲ್‌ನಲ್ಲಿ ಮಾತ್ರ ಬೇಡ, ರಾಯಚೂರಿನ ಬೇಸಿಗೆ ನೆನಪಾಗುತ್ತದೆ.

ಈಗ ಮುಖ್ಯ ವಿಷಯ. ಹೆಚ್ಚಿನವರು ಎರಡೇ ದಿನದಲ್ಲಿ ಹತ್ತು ಗುಡಿ ಮುಗಿಸಿ, ಮನೆಗೆ ಬಂದ ಮೇಲೆ ಯಾವ ಫೋಟೊ ಯಾವ ಗುಡಿಯದ್ದು ಅಂತ ಜಗಳ ಆಡುತ್ತಾರೆ. ಅಂಕೋರ್ ಪಾಸ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ ಪಾಸನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು. ಆರಾಮವಾಗಿ ಸುತ್ತುವ ಗುಟ್ಟು ಇರುವುದು ಇಲ್ಲೇ. ಏಳು ದಿನ ಇಟ್ಟುಕೊಳ್ಳಿ. ಒಂದು ದಿನ ಗುಡಿ, ಒಂದು ದಿನ ಸುಮ್ನೆ. ಗುಡಿಯ ದಿನವೂ ಹತ್ತೂವರೆಗೆಲ್ಲ ವಾಪಸ್ ಬಂದುಬಿಡಿ. ಆಮೇಲೆ ಕಲ್ಲು ಕಾದು ಕಾವಲಿ ಆಗುತ್ತದೆ.

ಮೊದಲ ದಿನ ಅಂಕೋರ್ ವಾಟ್ ಒಂದೇ ಸಾಕು. ಬಾಗಿಲು ಬೆಳಿಗ್ಗೆ ಐದಕ್ಕೆ ತೆರೆಯುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆ ದಾಟಿದ ಮೇಲೆ. ಹೋಟೆಲಿನಲ್ಲೇ ಫಜ್ರ್ (ಬೆಳಗಿನ ನಮಾಜು) ಮುಗಿಸಿ ಟುಕ್‌ಟುಕ್ ಹತ್ತಿದರೂ ಹೊತ್ತಿಗೆ ಸರಿಯಾಗಿ ಕೊಳದ ಹತ್ತಿರ ಇರುತ್ತೀರಿ. ಫೋಟೊ ಆದ ಕೂಡಲೇ ಜನ ತಿಂಡಿಗೆ ಓಡುತ್ತಾರೆ. ನೀವು ಓಡಬೇಡಿ. ಆಗ ಪೂರ್ವದ ಮೊಗಸಾಲೆಗೆ ಹೋದರೆ ಸುಮಾರು 49 ಮೀಟರ್ ಉದ್ದದ ಸಮುದ್ರ ಮಥನದ ಕೆತ್ತನೆ ಹೆಚ್ಚುಕಡಿಮೆ ನಿಮ್ಮಿಬ್ಬರಿಗೇ. ಮೇಲಿನ ಅಂತಸ್ತಿಗೆ ಹತ್ತಲು ಭುಜ, ಮೊಣಕಾಲು ಮುಚ್ಚಿರಬೇಕು. ನಮಗೆ ಇದೇನು ಹೊಸದಾ! ಈ ಗುಡಿ ಆಮೇಲೆ ಬೌದ್ಧರದ್ದಾಯಿತು; ಅವರ ಪುಣ್ಯದಿನಗಳಲ್ಲಿ ಆ ಅಂತಸ್ತು ಮುಚ್ಚಿರುತ್ತದೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಹತ್ತಿಯ ಉದ್ದ ಕುರ್ತಾ, ತೆಳು ಸ್ಕಾರ್ಫ್ ಹಾಕಿ. ನೈಲಾನ್ ಬುರ್ಖಾ ಹಾಕಿಕೊಂಡು ನಾನು ಒಂದು ದಿನ ಬೆಂದಿದ್ದೇನೆ.

ಇನ್ನೊಂದು ದಿನ ಬಯೋನ್ ಮತ್ತು ತಾ ಪ್ರೋಮ್. ಮರದ ಬೇರು ಗೋಡೆಯನ್ನು ಹಿಡಿದುಕೊಂಡಿರುವ ತಾ ಪ್ರೋಮ್‌ನ ಫೋಟೊ ಎಲ್ಲರೂ ನೋಡಿರುತ್ತೀರಿ. ಅಲ್ಲಿ ದುರಸ್ತಿ ಕೆಲಸ ಮಾಡಿರುವವರು ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು, ಬೇಲೂರಲ್ಲಿ ಬೋರ್ಡ್ ಹಾಕಿರುವವರೇ. ಪಾಸಿನ ಮೂರನೇ ದಿನಕ್ಕೆ ಬಾಂತೇ ಸ್ರೇ. ಊರಿನಿಂದ ದೂರ, ಗಾತ್ರದಲ್ಲಿ ಚಿಕ್ಕದು, ನಸುಗೆಂಪು ಮರಳುಗಲ್ಲು. ಹೊಯ್ಸಳರ ಕುಸುರಿ ಇಷ್ಟಪಡುವವರಿಗೆ ನಾಲ್ಕರಲ್ಲಿ ಇದೇ ಜಾಸ್ತಿ ಹಿಡಿಸುತ್ತದೆ. ಇದು 967ರದ್ದು, ಅಂದರೆ ಬೇಲೂರಿಗಿಂತ ಒಂದೂವರೆ ಶತಮಾನ ಹಳೆಯದು.

ಊಟದ ವಿಷಯಕ್ಕೆ ಬರೋಣ. ನಾವು ಎಡವಿದ್ದು ಹೋಟೆಲಿನಲ್ಲಿ. ಬುಕಿಂಗ್ ಪುಟದಲ್ಲಿ 'ಹಲಾಲ್ ಫ್ರೆಂಡ್ಲಿ' ಅಂತಿತ್ತು. ಬೆಳಿಗ್ಗೆ ನೋಡಿದರೆ ಬೇಕನ್‌ಗೂ ಮೊಟ್ಟೆಗೂ ಒಂದೇ ಇಕ್ಕಳ, ಒಂದೇ ಕಾವಲಿ. ನಮ್ಮವರು ಏನೂ ಮಾತಾಡದೆ ಎರಡು ಬಾಳೆಹಣ್ಣು ತಂದು ಮುಂದಿಟ್ಟರು. ಅಂದಿನಿಂದ ಬುಕ್ ಮಾಡುವ ಮೊದಲು ನಾನು ಮೇಲ್ ಬರೆದು ಕೇಳುತ್ತೇನೆ. ನಮ್ಮ ಮೊಟ್ಟೆ ಯಾವ ಪಾತ್ರೆಯಲ್ಲಿ, ಯಾವ ಎಣ್ಣೆಯಲ್ಲಿ ಬೇಯಿಸುತ್ತೀರಿ? ಕೋಣೆಯ ಫ್ರಿಜ್ಜಿನಿಂದ ಮದ್ಯ ತೆಗೆದಿಡುತ್ತೀರಾ? ಮಸಾಜ್‌ಗೆ ಹೆಂಗಸರೇ ಇರುತ್ತಾರಾ, ಬಾಗಿಲು ಹಾಕಿದ ಕೋಣೆಯಾ? 'ಹಲಾಲ್ ಇದೆಯಾ' ಅಂತ ಮಾತ್ರ ಕೇಳಬೇಡಿ. 'ಇದೆ' ಅಂದುಬಿಡುತ್ತಾರೆ, ಪಾಪ, ಮರ್ಯಾದೆಗೆ. ನಮಗೆ ಈಜುಕೊಳ ಬೇಕಿತ್ತು, ಆದರೆ ಹತ್ತು ಜನರ ಮುಂದೆ ಬೇಡ. ಸಣ್ಣ ಕೊಳ ಇರುವ ಬಿಡಿ ಮನೆಗೆ ಎರಡು ರಾತ್ರಿ ಮಾತ್ರ ದುಡ್ಡು ಹಾಕಿ, ಉಳಿದ ದಿನ ಸಾದಾ ಕೋಣೆ ತೆಗೆದುಕೊಂಡೆವು. ಆ ಎರಡು ರಾತ್ರಿಯನ್ನು ಕೊನೆಗೆ ಇಟ್ಟುಕೊಳ್ಳಿ.

ಊಟಕ್ಕೆ ಆ್ಯಪ್ ಹುಡುಕುತ್ತಾ ಕೂರುವ ಬದಲು ಮೊದಲ ದಿನವೇ ಮಸೀದಿಗೆ ಹೋಗಿ. ಊರೊಳಗೆ ಅನ್-ನೇಕ್ಮಾ ಅಂತ ಮಸೀದಿ ಇದೆ. ಅಕ್ಕಪಕ್ಕದ ಗಲ್ಲಿಗಳಲ್ಲಿ ಚಾಮ್ ಜನಾಂಗದ ಮುಸ್ಲಿಮರ ಸಣ್ಣ ಸಣ್ಣ ಹೋಟೆಲುಗಳಿವೆ. ತೆಂಗಿನ ಹಾಲು ಹಾಕಿ ಬಾಳೆಲೆಯಲ್ಲಿ ಬೇಯಿಸಿದ ಮೀನಿನ ಅಮೋಕ್, ದನದ ಮಾಂಸದ ಲೋಕ್ ಲಾಕ್, ಎರಡನ್ನೂ ಅಲ್ಲೇ ತಿನ್ನಿ. ಅಮೋಕ್ ಬಾಯಿಗಿಟ್ಟು ನಮ್ಮವರು 'ಇದಕ್ಕೆ ಇನ್ನೆರಡು ಬ್ಯಾಡಗಿ ಹಾಕಿದ್ರೆ ನಮ್ಮನೇದೇ' ಅಂದರು. ಬೊಂಡಾಸ್ (ಸ್ಕ್ವಿಡ್) ಬಂದರೆ ಅವರಿಗೆ ಹಬ್ಬ, ಅವರು ಶಾಫಿ ಪಂಥದವರು. ನಾನು ಹನಫಿ ಪಂಥದವಳು, ಮುಟ್ಟಲ್ಲ. ಮದುವೆಯಾಗಿ ಆರು ವರ್ಷವಾದರೂ ಈ ಬೊಂಡಾಸ್ ವ್ಯಾಜ್ಯ ತೀರ್ಮಾನವಾಗಿಲ್ಲ.

ಈ ಚಾಮ್ ಜನರ ಹಿರಿಯರನ್ನು ಬಯೋನ್‌ನ ಹೊರಗೋಡೆಯಲ್ಲಿ ನೋಡಬಹುದು. ದೋಣಿಯಲ್ಲಿ ಬಂದು, ಅಂಕೋರ್ ಕಟ್ಟಿದ ಖಮೇರರ ಜೊತೆ ಕಾದಾಡುತ್ತಿರುವ, ತಲೆಯ ಮೇಲೆ ಹೂವು ಕವುಚಿದಂಥ ಶಿರಸ್ತ್ರಾಣದ ಸೈನಿಕರು ಅವರೇ. ಆಗ ಅವರಿನ್ನೂ ಮುಸ್ಲಿಮರಾಗಿರಲಿಲ್ಲ. ಇದನ್ನು ನಾನು ಮೊದಲೇ ಓದಿಕೊಂಡಿದ್ದೆ. ಬೆಳಿಗ್ಗೆ ಆ ಗೋಡೆ ನೋಡಿ ಬಂದು, ಮಧ್ಯಾಹ್ನ ಹೋಟೆಲಿನ ಅಮ್ಮನಿಗೆ ಫೋಟೊ ತೋರಿಸಿದೆ. ಅವರು ನಕ್ಕು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

ಬೇರೆ ಕಡೆ ತಿನ್ನುವಾಗ ಹುಷಾರು. ಬೆಳಗಿನ ಕುಯ್ ತೀವ್ ಶಾವಿಗೆಯ ಸಾರು ಸಾಮಾನ್ಯವಾಗಿ ಹಂದಿ ಮೂಳೆಯದ್ದು. ಪ್ರಹೋಕ್ ಅನ್ನುವ ಉಪ್ಪಿನ ಪೇಸ್ಟ್ ಮೀನಿನದ್ದೇ ಆದರೂ, ಅದರಿಂದ ಮಾಡುವ ಪ್ರಹೋಕ್ ಕ್ತೀಸ್‌ಗೆ ಹಂದಿ ಕೈಮಾ ಬೀಳುತ್ತದೆ. 'ಖ್ಞೊಮ್ ಓತ್ ಞಾಮ್ ಸಾಚ್ ಚ್ರೂಕ್', ನಾನು ಹಂದಿ ತಿನ್ನಲ್ಲ, ಅನ್ನುವುದನ್ನು ಖಮೇರ್ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಳ್ಳಿ. ನಮ್ಮ ಉಚ್ಚಾರ ಕೇಳಿ ನಗುತ್ತಾರೆ, ಲಿಪಿ ತೋರಿಸಿದರೆ ತಲೆಯಾಡಿಸುತ್ತಾರೆ. ಗುಡಿಯ ದಿನಕ್ಕೆ ಚೀಲದಲ್ಲಿ ಚಿಕ್ಕಿ, ಖಾರದ ಅವಲಕ್ಕಿ ಇರಲಿ.

ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು, ಹುಡುಕುವುದು ಸುಲಭ. ಬೆಂಗಳೂರಿನ ಹಾಗೇ ಪಶ್ಚಿಮ, ತುಸು ಉತ್ತರಕ್ಕೆ. ಅಂಕೋರ್ ವಾಟ್ ಮುಖ ಮಾಡಿರುವುದೇ ಪಶ್ಚಿಮಕ್ಕೆ, ಹಾಗಾಗಿ ಮುಂಬಾಗಿಲಿನಿಂದ ಹೊರಗೆ ನೋಡುತ್ತಾ ಕೊಂಚ ಬಲಕ್ಕೆ ತಿರುಗಿದರೆ ಅದೇ ದಿಕ್ಕು. ಹಾಗಂತ ಅಲ್ಲೇ ಜಾನಮಾಜ್ (ನಮಾಜಿನ ಹಾಸು) ಹಾಸಬೇಡಿ. ಅಲ್ಲಿ ಇವತ್ತಿಗೂ ಬೌದ್ಧರು ಊದುಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಬೆಳಿಗ್ಗೆಯೇ ಗುಡಿ ಮುಗಿಸಿದರೆ ಮಧ್ಯಾಹ್ನದ ನಮಾಜು ಝುಹರ್ ಕೋಣೆಯಲ್ಲೇ ಸಿಗುತ್ತದೆ, ಈ ತಾಪತ್ರಯವೇ ಇಲ್ಲ. ಪ್ರಯಾಣದಲ್ಲಿರುವುದರಿಂದ ಹನಫಿಯಾದ ನನಗೆ ನಾಲ್ಕು ರಕಾತ್ (ನಮಾಜಿನ ಸುತ್ತು) ಎರಡಾಗುತ್ತದೆ. ಏಳು ದಿನ ಒಂದೇ ಊರಲ್ಲಿ ನಿಲ್ಲುವುದರಿಂದ ಶಾಫಿಯವರಿಗೆ ಈ ರಿಯಾಯಿತಿ ಇಲ್ಲ, ಪೂರ್ತಿ ನಾಲ್ಕು. ಮಲಗಿದರೂ ಸಂಜೆಯ ಅಸರ್‌ಗೆ ಇಬ್ಬರೂ ಮತ್ತೆ ಏಳಬೇಕು. ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರ ಕೊಂಡ, ಮಡಚಿದರೆ ಅಂಗೈಯಷ್ಟಾಗುವ ಜಾನಮಾಜ್ ತುಂಬಾ ಉಪಯೋಗಕ್ಕೆ ಬಂತು. ಅಲ್ಲಿನ ಸಮಯ ನಮಗಿಂತ ಒಂದೂವರೆ ಗಂಟೆ ಮುಂದೆ, ಫೋನಿನ ಅಜಾನ್ ಬದಲಾಯಿತಾ ನೋಡಿಕೊಳ್ಳಿ.

ದುಡ್ಡು ಡಾಲರಿನಲ್ಲೇ ನಡೆಯುತ್ತದೆ. ಬೆಂಗಳೂರಲ್ಲಿ ಡಾಲರ್ ಕೊಳ್ಳುವಾಗ ಒಂದು, ಐದರ ನೋಟು ಜಾಸ್ತಿ ಕೇಳಿ, ಹರಿದದ್ದು, ಗೀಚಿದ್ದು ಇದ್ದರೆ ಅಲ್ಲೇ ವಾಪಸ್ ಕೊಡಿ. ಸಿಯಾಮ್ ರೀಪ್‌ನಲ್ಲಿ ತರಕಾರಿ ಅಂಗಡಿಯವಳೂ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಒಂದು ಡಾಲರಿಗಿಂತ ಕಡಿಮೆ ಚಿಲ್ಲರೆಯನ್ನು ಅಲ್ಲಿನ ಹಣ ರಿಯೆಲ್‌ನಲ್ಲಿ ಕೊಡುತ್ತಾರೆ, ಡಾಲರಿಗೆ ಸುಮಾರು 4,000. ಅದನ್ನು ಟುಕ್‌ಟುಕ್‌ಗೆ, ಎಳನೀರಿಗೆ ಖರ್ಚು ಮಾಡಿಬಿಡಿ. 2023ರಲ್ಲಿ ತೆರೆದ ಹೊಸ ವಿಮಾನ ನಿಲ್ದಾಣ ಊರಿನಿಂದ 40 ಕಿಲೋಮೀಟರ್‌ಗೂ ಹೆಚ್ಚು ದೂರ ಇದೆ, ಕಾರಿಗೆ ಹಿಂದಿನ ರಾತ್ರಿಯೇ ಹೇಳಿಡಿ. ನಾವು ಹೇಳಿಡದೆ ಗಡಿಬಿಡಿಯಲ್ಲಿ ಹೊರಟು, ಉಳಿದ ರಿಯೆಲ್ ಖರ್ಚು ಮಾಡುವುದನ್ನೇ ಮರೆತೆವು. ಬೆಂಗಳೂರಲ್ಲಿ ಕೇಳಿದ ಕಡೆಯೆಲ್ಲ ಬೇಡ ಅಂದರು. ಈಗ ಆ ನೋಟುಗಳು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿವೆ.